ಕುಮಳಿಯ ಗೇಟು, ತಲಪಾಡಿಯ ಗೇಟು

ಮಂಜೇಶ್ವರ ಕಡೆಯ ನಮಗೆ ಗಡಿ ಅಂದರೆ ದೊಡ್ಡ ಮಾತೇನಲ್ಲ. ಉಪ್ಪನ ಜೀನಸು ಅಂಗಡಿ ಇರುವುದು ಕೇರಳದಲ್ಲಿ. ಅಂಗಡಿಯ ಅಕ್ಕಿ, ಬೇಳೆ, ಸಾಬೂನು ಬರುವುದು ಮಂಗಳೂರು ಬಂದರ್‌ನಿಂದ. ಉಮ್ಮನ ತವರು ಉಳ್ಳಾಲ. ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ಮೂರು ವರ್ಷ ದಿನಕ್ಕೆ ಎರಡು ಸಲ ತಲಪಾಡಿ ಗೇಟು ದಾಟಿದ್ದೇನೆ. ಬಸ್ಸಿನಲ್ಲಿ ನಿದ್ದೆ ಹತ್ತಿದ ದಿನ ರಾಜ್ಯ ಬದಲಾದದ್ದೇ ಗೊತ್ತಾಗುತ್ತಿರಲಿಲ್ಲ. ಇಂಥ ಗೆರೆಯನ್ನು ಎಳೆದವರು ಯಾರು, ಏನು ಕೇಳಿ ಎಳೆದರು ಎಂಬ ಪ್ರಶ್ನೆ ನನಗೆ ಸರಿಯಾಗಿ ಹುಟ್ಟಿದ್ದು ನಮ್ಮ ಊರಿನಲ್ಲಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ತುದಿಯಲ್ಲಿ, ಕುಮಳಿ ಎಂಬ ಗಡಿ ಪೇಟೆಯಲ್ಲಿ.

ತೇನಿಗೆ ಹೋದದ್ದು ಕೆಲಸಕ್ಕೆ. ಆ ಕಡೆ ನೂಲಿನ ಮಿಲ್ಲುಗಳು ಬಹಳ. ಒಂದು ಮಿಲ್ಲಿನ ಕಂಪ್ರೆಸರ್ ಬಿಚ್ಚಿ ಕಟ್ಟುವ ಕೆಲಸ ಪೊಂಗಲ್ ಕಳೆದ ಮರುವಾರ ಬಿತ್ತು. ಮೊದಲೂ ಕೊನೆಯಲ್ಲೂ ಒಂದೊಂದು ದಿನ ನನ್ನದೇ ಆಗಿ ಸಿಕ್ಕಿತು. ಆ ಕಡೆಯ ಒಂದು ಊರಿನ ಹೆಸರು ನನಗೆ ಚಿಕ್ಕಂದಿನಿಂದ ಪರಿಚಿತ. ಅಂಗಡಿಗೆ ಬರುತ್ತಿದ್ದ ಏಲಕ್ಕಿಯ ಚೀಲದ ಮೇಲೆ ಬೋಡಿನಾಯಕ್ಕನೂರು ಎಂದು ಬರೆದಿರುತ್ತಿತ್ತು. ಉಪ್ಪ ಅದನ್ನು ಬರೇ ‘ಬೋಡಿ’ ಅನ್ನುತ್ತಿದ್ದರು. ಏಲಕ್ಕಿ ಅಲ್ಲಿಯೇ ಬೆಳೆಯುತ್ತದೆ ಎಂದುಕೊಂಡಿದ್ದೆ. ಬೆಳೆಯುವುದು ಮೇಲೆ ಬೆಟ್ಟದಲ್ಲಿ, ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ. ಕೀಳುವ ಕೈಗಳು ಬಹುಪಾಲು ಕೆಳಗಿನ ತಮಿಳು ಊರುಗಳವು. ಹರಾಜು ನಡೆಯುವುದು ಎರಡೂ ಕಡೆ: ತಮಿಳುನಾಡಿನ ಬೋಡಿಯಲ್ಲಿ, ಕೇರಳದ ಪುಟ್ಟಡಿಯಲ್ಲಿ. ಒಂದು ಕಾಳು ಏಲಕ್ಕಿ ನಮ್ಮ ಡಬ್ಬಿಗೆ ಬರುವ ಮೊದಲು ಎಷ್ಟು ಸಲ ಗಡಿ ದಾಟಿದೆಯೋ ಹೇಳಲಿಕ್ಕಾಗದು.

ಕೊಯಮತ್ತೂರಿನವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಮೊದಲು ದಿಂಡಿಗಲ್‌ನಲ್ಲಿ ಇಳಿದೆ. ಈ ಕಥೆ ಶುರುವಾಗುವುದೇ ಅಲ್ಲಿಂದ.

ದಿಂಡಿಗಲ್ ಪೇಟೆಯ ನಡುವೆ ಒಂದೇ ಒಂದು ಬೋಳು ಬಂಡೆ ಎದ್ದು ನಿಂತಿದೆ, ಅದರ ಮೇಲೆ ಕೋಟೆ. 1755ರಲ್ಲಿ ಮೈಸೂರಿನ ಪರವಾಗಿ ಇಲ್ಲಿಗೆ ಫೌಜುದಾರನಾಗಿ ಬಂದವನು ಹೈದರ್ ಅಲಿ. ಆಗ ಅವನಿನ್ನೂ ನವಾಬನಲ್ಲ, ಶ್ರೀರಂಗಪಟ್ಟಣದ ಅರಸನ ಕೈಕೆಳಗಿನ ಒಬ್ಬ ಅಧಿಕಾರಿ. ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ತೋಪು, ಮದ್ದುಗುಂಡು ಮಾಡುವ ಕಾರ್ಖಾನೆ ಹಾಕಿದ್ದು ಇಲ್ಲಿ. ವರ್ಕ್‌ಶಾಪಿನಲ್ಲಿ ಬೆಳೆದ ನನ್ನಂಥವನಿಗೆ ಕೋಟೆಯ ಗೋಡೆಗಿಂತ ಈ ಸಂಗತಿ ಹೆಚ್ಚು ರುಚಿಸಿತು. ಪೇಟೆಯ ಬೇಗಂಪುರದಲ್ಲಿ ದೊಡ್ಡ ಮಸೀದಿ ಇದೆ. ಅಲ್ಲಿರುವ ಗೋರಿ ಹೈದರನ ತಂಗಿಯದು ಎಂದು ಆ ಕಡೆಯವರು ಹೇಳುತ್ತಾರೆ.

ಮುಂದಿನ ನಲ್ವತ್ತು ವರ್ಷದಲ್ಲಿ ಈ ಕೋಟೆ ಕೈಯಿಂದ ಕೈಗೆ ಹೋಯಿತು. 1783ರಲ್ಲಿ ಇಂಗ್ಲಿಷರು ಹಿಡಿದರು. ಮರುವರ್ಷ, 1784ರಲ್ಲಿ, ಟಿಪ್ಪುವಿನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮೈಸೂರಿಗೆ ವಾಪಸು ಕೊಟ್ಟರು. ಆ ಒಪ್ಪಂದ ನಡೆದದ್ದು ಎಲ್ಲಿ ಗೊತ್ತೇ? ನಮ್ಮ ಮಂಗಳೂರಿನಲ್ಲಿ. 1790ರಲ್ಲಿ ಪುನಃ ಹಿಡಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಸೀಮೆ ಶಾಶ್ವತವಾಗಿ ಕಂಪೆನಿಗೆ ಹೋಯಿತು. ಏಳು ವರ್ಷದ ನಂತರ, 1799ರಲ್ಲಿ ಟಿಪ್ಪು ಬಿದ್ದಾಗ, ನಮ್ಮ ಕರಾವಳಿಯೂ ಅದೇ ಕೈಗೆ ಸೇರಿತು. ಹೀಗೆ ಮಂಗಳೂರು ಮತ್ತು ದಿಂಡಿಗಲ್ ಎರಡೂ ಮೈಸೂರಿನಿಂದ ಜಾರಿ, ಮುಂದೆ ಒಂದೇ ಮದ್ರಾಸ್ ಪ್ರಾಂತ್ಯದ ಎರಡು ಮೂಲೆಗಳಾದವು. ದಿಂಡಿಗಲ್ ಸೀಮೆಯ ಪಡುವಣ ಬೆಟ್ಟದಾಚೆ ಇದ್ದದ್ದು ತಿರುವಾಂಕೂರು ರಾಜ್ಯ. ಕುಮಳಿಯ ಗೆರೆ ಮೊದಲು ಈ ಎರಡು ಸರ್ಕಾರಗಳ ನಡುವಿನ ಗೆರೆ. ಒಂದು ಕಡೆ ಬ್ರಿಟಿಷರು, ಇನ್ನೊಂದು ಕಡೆ ಮಹಾರಾಜರು. ಸಾಮಾನಿಗೆ ಸುಂಕವೂ ಇತ್ತು. 1865ರ ಒಪ್ಪಂದದಿಂದ ಅದು ಬಹುಮಟ್ಟಿಗೆ ಹೋಯಿತು.

ದಿಂಡಿಗಲ್‌ನಿಂದ ತೇನಿ, ತೇನಿಯಿಂದ ಕಂಬಂ. ಬಲಗಡೆ ಬೆಟ್ಟದ ಗೋಡೆ, ಎಡಗಡೆ ಗದ್ದೆ, ತೆಂಗು, ಬಾಳೆ, ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿ. ಕಂಬಂನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ವರ್ಷವಿಡೀ ಕೊಯ್ಲು ಸಿಗುತ್ತದೆ ಎನ್ನುವುದು ಆ ದ್ರಾಕ್ಷಿಯ ಹೆಚ್ಚುಗಾರಿಕೆ. ನಾನು ಕಿಟಕಿಯಾಚೆ ನೋಡುತ್ತ ಫೋನಿನಲ್ಲಿ ಮಂಗಳೂರಿನ ಗೆಳೆಯನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಫೋನ್ ಇಟ್ಟ ಮೇಲೆ ಪಕ್ಕದ ಸೀಟಿನ ಅಜ್ಜ, ಬಿಳಿ ವೇಷ್ಟಿ, ಹೆಗಲಲ್ಲಿ ಟವೆಲು, ಕನ್ನಡದಲ್ಲೇ ನನ್ನ ಊರು ಕೇಳಿದರು. ಅವರ ಕನ್ನಡದ ರಾಗ ತಮಿಳಿನದು, ಅರ್ಧ ಶಬ್ದಗಳೂ ತಮಿಳಿನವು. ಆದರೂ ಅದು ಕನ್ನಡವೇ.

ಕಂಬಂ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಒಕ್ಕಲಿಗರಿದ್ದಾರೆ. ಕಪ್ಪಿಲಿಯರು ಅಂತಲೂ ಕರೆಯುತ್ತಾರೆ. ವಿಜಯನಗರದ ಕಾಲದಲ್ಲಿ ಬಡಗಣದಿಂದ ದನಕರು ಹೊಡೆದುಕೊಂಡು ಬಂದವರು ತಾವು ಎಂಬ ನೆನಪು ಅವರಲ್ಲಿದೆ. ಕಂಬಂ ಪೇಟೆಯಲ್ಲಿ ಅವರ ನಂದಗೋಪಾಲನ ಗುಡಿ ಇದೆ. ಗುಡಿ ಎಂದರೆ ಮುಖ್ಯವಾಗಿ ದನದ ಹಟ್ಟಿ. ‘ತಂಬಿರಾನ್ ಮಾಡು’ ಎಂದು ಕರೆಯುವ ದೇವರ ದನಗಳು ಅಲ್ಲಿವೆ. ಮಾಟ್ಟು ಪೊಂಗಲ್ ದಿನ ಊರೂರಿನಿಂದ ಜನ ಸೇರುತ್ತಾರೆ. ನಾನು ಹೋದಾಗ ಜಾತ್ರೆ ಮುಗಿದು ಕಬ್ಬಿನ ಸಿಪ್ಪೆ ಮಾತ್ರ ಉಳಿದಿತ್ತು.

ಅಜ್ಜನಿಗೆ ಕನ್ನಡ ಓದಲು ಬಾರದು. ಅವರ ಮನೆಯ ಮದುವೆ ಕಾಗದ ಅಚ್ಚಾಗುವುದು ತಮಿಳಿನಲ್ಲಿ. ಇದನ್ನು ಕೇಳಿದಾಗ ನನಗೆ ನಮ್ಮದೇ ನೆನಪಾಯಿತು. ನಾವು ಮನೆಯಲ್ಲಿ ಆಡುವುದು ಬ್ಯಾರಿ. ತಲಪಾಡಿಯಿಂದ ಈಚೆ ಅದನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ. ಗೇಟು ದಾಟಿದರೆ ಎಷ್ಟೋ ಮಕ್ಕಳು ಶಾಲೆಯಲ್ಲಿ ಕಲಿಯುವುದು ಮಲಯಾಳ ಲಿಪಿ. ಒಂದೇ ಅಜ್ಜಿಯ ಮೊಮ್ಮಕ್ಕಳು ಬ್ಯಾರಿಯಲ್ಲಿ ಜಗಳಾಡುತ್ತಾರೆ, ಬೇರೆ ಬೇರೆ ಲಿಪಿಯಲ್ಲಿ ವಾಟ್ಸಾಪ್ ಕಳಿಸುತ್ತಾರೆ. ‘ನಿಮ್ಮ ಭಾಷೆ ಯಾವುದು’ ಎಂದು ಒಂದೇ ಗೆರೆಯಲ್ಲಿ ಕೇಳಿದರೆ ಕಂಬಂನ ಆ ಅಜ್ಜನೂ ತಡವರಿಸುತ್ತಾರೆ, ನಾವೂ ತಡವರಿಸುತ್ತೇವೆ. ಮುಂದೆ ಹೇಳಲಿರುವುದಕ್ಕೆ ಈ ಮಾತು ಬೇಕು, ನೆನಪಿಟ್ಟುಕೊಳ್ಳಿ.

ಮಿಲ್ಲಿನ ಕೆಲಸ ಮುಗಿದ ಮೇಲೆ ಸಿಕ್ಕ ಎರಡನೆಯ ದಿನ ಕುಮಳಿಗೆ ಹೊರಟೆ. ಕಂಬಂ ದಾಟಿದರೆ ಗೂಡಲೂರು (ನೀಲಗಿರಿಯ ಗೂಡಲೂರಲ್ಲ), ಆಮೇಲೆ ಬೆಟ್ಟದ ಬುಡದಲ್ಲಿ ಲೋವರ್ ಕ್ಯಾಂಪ್. ಇಲ್ಲಿ ಬೆಟ್ಟದ ನೆತ್ತಿಯಿಂದ ಉಕ್ಕಿನ ದೊಡ್ಡ ಕೊಳವೆಗಳು ಸಾಲಾಗಿ ಇಳಿದು ಬರುತ್ತವೆ. ಘಾಟಿ ಹತ್ತುವ ಬಸ್ಸಿನಿಂದಲೇ ಕಾಣುತ್ತವೆ. ಒಳಗೆ ಹರಿಯುವುದು ಪೆರಿಯಾರ್ ನದಿಯ ನೀರು. ಸಹಜವಾಗಿ ಬಿಟ್ಟರೆ ಈ ನದಿ ಪಡುವಣಕ್ಕೆ, ನಮ್ಮ ಅರಬ್ಬೀ ಸಮುದ್ರಕ್ಕೆ ಸೇರಬೇಕು. ಇದನ್ನು ಗುಡ್ಡದ ಮೇಲೆ ಅಣೆಕಟ್ಟು ಕಟ್ಟಿ ನಿಲ್ಲಿಸಿ, ಒಂದು ಮೈಲಿಗೂ ತುಸು ಹೆಚ್ಚು ಉದ್ದದ ಸುರಂಗ ಕೊರೆದು, ಮೂಡಣಕ್ಕೆ ತಿರುಗಿಸಿದ್ದಾರೆ. ಕೊಳವೆಯಿಂದ ಇಳಿದು ಕರೆಂಟು ಕೊಟ್ಟ ನೀರು ಕಣಿವೆಯ ಹೊಳೆಗೆ ಬೀಳುತ್ತದೆ, ವೈಗೈ ನದಿಗೆ ಸೇರುತ್ತದೆ, ಮದುರೆ ದಾಟಿ ರಾಮನಾಥಪುರದ ಕಡೆಯವರೆಗೆ ಗದ್ದೆಗೆ ಹೋಗುತ್ತದೆ. ಕಂಬಂ ಕಣಿವೆಯೊಂದರಲ್ಲೇ 14,707 ಎಕರೆ ಎರಡು ಬೆಳೆಯ ಗದ್ದೆ ಈ ನೀರನ್ನು ನಂಬಿಕೊಂಡಿದೆ.

ಮುಲ್ಲಪೆರಿಯಾರ್ ಅಣೆಕಟ್ಟಿನ ಹೆಸರು ಪತ್ರಿಕೆಯಲ್ಲಿ ಓದಿದ್ದೀರಿ. ಜಗಳದ ಸುದ್ದಿಯಾಗಿಯೇ ಓದಿರುತ್ತೀರಿ. ಅದರ ಹುಟ್ಟು ಹೀಗೆ. 1876ರಿಂದ 78ರವರೆಗಿನ ಬರಗಾಲ ಮದ್ರಾಸ್ ಪ್ರಾಂತ್ಯವನ್ನು ಸುಟ್ಟಿತು. ಮದುರೆ ಕಡೆಗೆ ನೀರು ಬೇಕಿತ್ತು. ನೀರು ಇದ್ದದ್ದು ತಿರುವಾಂಕೂರಿನಲ್ಲಿ. 1886ರ ಅಕ್ಟೋಬರ್ 29ರಂದು ಗುತ್ತಿಗೆ ಪತ್ರಕ್ಕೆ ಸಹಿ ಬಿತ್ತು. 8,000 ಎಕರೆ ಜಾಗ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಅವಧಿ 999 ವರ್ಷ. 1886ರ ಜನವರಿ 1ರಿಂದ ಎಣಿಸಿದರೆ 2884ರ ಕೊನೆಯವರೆಗೆ. ಅಂಗಡಿಯವನ ಮಗ ನಾನು, ಬಾಡಿಗೆ ಚೀಟಿ ನೋಡಿ ಬೆಳೆದವನು. ಹನ್ನೊಂದು ತಿಂಗಳ ಬಾಡಿಗೆ ಚೀಟಿಗೇ ನಮ್ಮ ಪೇಟೆಯಲ್ಲಿ ಎಷ್ಟು ತಕರಾರು! ಇಲ್ಲಿ 999 ವರ್ಷಕ್ಕೆ ವರ್ಷಕ್ಕೆ 40,000 ರೂಪಾಯಿ. 1970ರಲ್ಲಿ ಎರಡು ರಾಜ್ಯಗಳೂ ಕೂತು ಎಕರೆಗೆ 30 ರೂಪಾಯಿ ಮಾಡಿಕೊಂಡವು, ಅಂದರೆ ವರ್ಷಕ್ಕೆ 2,40,000. ಜಾಗ ಕೇರಳದ್ದು, ಕಟ್ಟೆಯ ಯಜಮಾನಿಕೆ ತಮಿಳುನಾಡಿನದು.

ಕಟ್ಟಿದ್ದು 1887ರಿಂದ 1895ರವರೆಗೆ, ಜಾನ್ ಪೆನ್ನಿಕ್ವಿಕ್ ಎಂಬ ಇಂಗ್ಲಿಷ್ ಇಂಜಿನಿಯರನ ಕೈಕೆಳಗೆ. ಸುಣ್ಣ ಮತ್ತು ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ. ನಮ್ಮ ಹಳೆಯ ಮನೆಗಳ ಗೋಡೆಗೆ ಹಾಕಿದ್ದೂ ಗಾರೆಯೇ. ಕಾಡು, ಮಳೆ, ಮಲೇರಿಯ, ಕಾಲರಾ. ಕೆಲಸಗಾರರು ಎಷ್ಟೋ ಜನ ಅಲ್ಲೇ ಮಣ್ಣಾದರು. ಕಣಿವೆಯ ಜನ ಪೆನ್ನಿಕ್ವಿಕ್‌ನನ್ನು ಮರೆತಿಲ್ಲ. ಲೋವರ್ ಕ್ಯಾಂಪಿನಲ್ಲಿ 2013ರಲ್ಲಿ ತೆರೆದ ಸ್ಮಾರಕವಿದೆ, ಅವನ ಹುಟ್ಟುಹಬ್ಬ ಜನವರಿ 15. ಅದು ಪೊಂಗಲ್ ಹಬ್ಬದ ಸಮಯ, ಹಾಗಾಗಿ ಅವನ ಹೆಸರಲ್ಲೂ ಪೊಂಗಲ್ ಬೇಯಿಸುತ್ತಾರೆ. ನಾನು ನೋಡುವಾಗ ಪ್ರತಿಮೆಯ ಕೊರಳಿನ ಹಾರ ಒಣಗುತ್ತಿತ್ತು. ಮಕ್ಕಳಿಗೆ ಪೆನ್ನಿಕ್ವಿಕ್ ಎಂದು ಹೆಸರಿಟ್ಟವರೂ ಇದ್ದಾರೆ.

ಲೋವರ್ ಕ್ಯಾಂಪಿನಿಂದ ಘಾಟಿ ಹತ್ತಿದರೆ ಕುಮಳಿ. ತಮಿಳುನಾಡಿನ ಬಸ್ಸು ಗೇಟಿನ ಈಚೆ ನಿಲ್ಲುತ್ತದೆ. ಇಳಿದು, ನಡೆದು ಗೇಟು ದಾಟಿದರೆ ಕೇರಳದ ಬಸ್ಸುಗಳು. ಈಚೆ ತಮಿಳು ಬೋರ್ಡು, ಆಚೆ ಮಲಯಾಳ ಬೋರ್ಡು, ಎರಡೂ ಕಡೆ ಏಲಕ್ಕಿ, ಕರಿಮೆಣಸು, ಚಕ್ಕೆ ಲವಂಗದ ಅಂಗಡಿಗಳು. ಗೇಟಿನ ಕೂಗಳತೆಯಲ್ಲಿ ಒಂದು ಚಹದಂಗಡಿ. ಗಿರಾಕಿಗಳೆಲ್ಲ ಯಜಮಾನರನ್ನು ‘ಬಾಯ್’ ಎಂದು ಕರೆಯುತ್ತಿದ್ದರು. ಕಂಬಂ, ಉತ್ತಮಪಾಳಯಂ ಕಡೆ ತಮಿಳು ಮಾತಾಡುವ ರಾವುತ್ತರ್ ಮುಸಲ್ಮಾನರು ಬಹಳ ಜನ. ವ್ಯಾಪಾರಕ್ಕಾಗಿ ಬೆಟ್ಟ ಹತ್ತಿ ಇಡುಕ್ಕಿ, ಕೋಟ್ಟಯಂ ಸೇರಿದ ರಾವುತ್ತರ್ ಮನೆತನಗಳೂ ಉಂಟು. ಇವರೂ ಅಂಥವರು. ಅಣ್ಣನ ಮನೆ ಕಂಬಂನಲ್ಲಿ, ಇವರ ಮನೆ ಕುಮಳಿಯಲ್ಲಿ. ಅವರು ತಮಿಳಿನಲ್ಲಿ ಹೇಳಿದ್ದು ನನಗೆ ಮುಕ್ಕಾಲು ತಿಳಿಯಿತು, ನಾನು ಮಲಯಾಳ ಬೆರೆಸಿ ಹೇಳಿದ್ದು ಅವರಿಗೆ ಪೂರ್ತಿ ತಿಳಿಯಿತು. ಮಗನಿಗೆ ಕಾಯಿಲೆಯಾದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ‘ತೇನಿಗೆ. ಜಾಸ್ತಿಯಾದರೆ ಮದುರೆಗೆ’ ಅಂದರು. ಅವರ ರೇಷನ್ ಕಾರ್ಡು ಕೇರಳದ್ದು.

ಬೆಳಗಿನ ಹೊತ್ತು ಕಣಿವೆಯ ಊರುಗಳಿಂದ ಜೀಪುಗಳಲ್ಲಿ ಹೆಂಗಸರು ಏಲಕ್ಕಿ ತೋಟದ ಕೆಲಸಕ್ಕೆ ಹತ್ತುತ್ತಾರೆ, ಕುಮಳಿ ಘಾಟಿ, ಕಂಬಂಮೆಟ್ಟು, ಬೋಡಿಮೆಟ್ಟು ಮೂರೂ ದಾರಿಯಲ್ಲಿ. ಸಂಜೆ ಇಳಿಯುತ್ತಾರೆ. ನಮ್ಮ ಕಡೆಯಿಂದ ಬೆಳಿಗ್ಗೆ ಮಂಗಳೂರಿಗೆ ಹೋಗುವ ಬಸ್ಸು ಹೇಗೋ ಹಾಗೆ.

ಹಾಗಾದರೆ ಈ ಗೆರೆ ಏಕೆ ಇಲ್ಲಿ? 1947ರ ಜೂನ್‌ನಲ್ಲಿ ತಿರುವಾಂಕೂರಿನ ದಿವಾನ ಸಿ.ಪಿ. ರಾಮಸ್ವಾಮಿ ಅಯ್ಯರ್ ತಮ್ಮ ರಾಜ್ಯ ಸ್ವತಂತ್ರವಾಗಿ ಉಳಿಯುತ್ತದೆ ಎಂದು ಸಾರಿದ್ದರು. ಜುಲೈ ಮುಗಿಯುವುದರೊಳಗೆ ಅದು ಭಾರತ ಸೇರಲು ಒಪ್ಪಿತು. ಇಲ್ಲದಿದ್ದರೆ ಆ ಚಹದಂಗಡಿಗೆ ಹೋಗಲು ನನಗೆ ಪಾಸ್‌ಪೋರ್ಟು ಬೇಕಾಗುತ್ತಿತ್ತು. ಆಮೇಲೆ ಭಾಷಾವಾರು ರಾಜ್ಯಗಳ ಕೂಗೆದ್ದಿತು. ತಿರುವಾಂಕೂರಿನ ತಮಿಳರು ತಮ್ಮ ತಾಲೂಕುಗಳು ಮದ್ರಾಸಿಗೆ ಸೇರಬೇಕೆಂದರು. 1954ರ ಆಗಸ್ಟ್ 11ರಂದು ದಕ್ಷಿಣ ತಿರುವಾಂಕೂರಿನಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಕೇಳಿದ ತಾಲೂಕುಗಳಲ್ಲಿ ಬೆಟ್ಟದ ಮೇಲಿನ ದೇವಿಕುಳಂ, ಪೀರುಮೇಡು ಕೂಡ ಇದ್ದವು. ಕುಮಳಿ ಇರುವುದು ಪೀರುಮೇಡಿನಲ್ಲಿ.

ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ನಮ್ಮ ಕಾಸರಗೋಡಿನ ತೀರ್ಮಾನ ಇರುವುದೂ ಅದೇ ವರದಿಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ತಮಾಷೆ ಕಾಣುತ್ತದೆ, ನಗು ಮಾತ್ರ ಬರುವುದಿಲ್ಲ. ಕಾಸರಗೋಡು ತಾಲೂಕಿನಲ್ಲಿ ಮಲಯಾಳ ಮಾತಾಡುವವರು ಹೆಚ್ಚು, ಆದ್ದರಿಂದ ಕೇರಳಕ್ಕೆ ಎಂದಾಯಿತು. ಬಡಗಿನ ಭಾಗದಲ್ಲಿ ಕನ್ನಡ, ತುಳು ಇದ್ದರೂ ತಾಲೂಕು ಒಡೆಯಲಿಲ್ಲ. ದೇವಿಕುಳಂ, ಪೀರುಮೇಡಿನಲ್ಲಿ ತಮಿಳರು ಹೆಚ್ಚು ಎನ್ನುವುದನ್ನು ಆಯೋಗವೇ ಒಪ್ಪಿತು. ಆದರೆ ಅವರಲ್ಲಿ ಬಹುಪಾಲು ತೋಟದ ಕೆಲಸಕ್ಕೆ ಬಂದವರು, ಆ ಬೆಟ್ಟ ಆ ರಾಜ್ಯದ ಆರ್ಥಿಕತೆಗೆ ಬೇಕು ಎಂದು ಅದನ್ನೂ ಕೇರಳಕ್ಕೇ ಬಿಟ್ಟಿತು. ಒಂದು ಕಡೆ ಭಾಷೆಯೇ ತಕ್ಕಡಿ, ಇನ್ನೊಂದು ಕಡೆ ಆ ತಕ್ಕಡಿ ಪಕ್ಕಕ್ಕೆ. 1956ರ ನವೆಂಬರ್ 1ರಂದು ಎರಡೂ ಜಾರಿಗೆ ಬಂತು. ನಮ್ಮಲ್ಲಿ ಹೊಸ ಗೆರೆ ಹುಟ್ಟಿತು, ಕುಮಳಿಯಲ್ಲಿ ಹಳೆಯ ಗೆರೆ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕಿಡೀ ಹೋರಾಡಿದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ಅದು ಕಾಗದದಲ್ಲೇ ಉಳಿಯಿತು.

ಗೆರೆ ಅತ್ತ ಇರಬೇಕಿತ್ತು, ಇತ್ತ ಇರಬೇಕಿತ್ತು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಎಲ್ಲಿ ಎಳೆದರೂ ಅದು ಯಾರದೋ ಅಂಗಳದ ನಡುವೆ ಹೋಗುತ್ತಿತ್ತು. ಬ್ಯಾರಿಯನ್ನು ಬಹುಕಾಲ ಮಲಯಾಳದ ಉಪಭಾಷೆ ಎಂದೇ ಲೆಕ್ಕ ಹಾಕುತ್ತಿದ್ದರು. ಹಾಗಾದರೆ ಉಳ್ಳಾಲವೂ ಕೇರಳವೇ? ಕಂಬಂನ ಅಜ್ಜನ ಮನೆಮಾತು ಕನ್ನಡ. ಕಂಬಂ ಕರ್ನಾಟಕವೇ? ನನ್ನ ತಕರಾರು ಬೇರೆ. ಭಾಷೆ ಯಾವುದು ಎಂದು ಕೇಳಿದರು, ತೋಟ ಯಾರದು ಎಂದು ಕೇಳಿದರು. ಬೆಳಿಗ್ಗೆ ಕೆಲಸಕ್ಕೆ ಎತ್ತ ಹೋಗುತ್ತೀರಿ, ರಾತ್ರಿ ಹೆರಿಗೆ ನೋವು ಬಂದರೆ ಎತ್ತ ಓಡುತ್ತೀರಿ ಎಂದು ಕೇಳಿ ಗಡಿಗೆ ನಿಯಮ ಮಾಡಿದವರಿಲ್ಲ. ಗೇಟು ತೆರೆದಿರುವಷ್ಟು ದಿನ ಇದು ಯಾರಿಗೂ ಕಾಣುವುದಿಲ್ಲ. ಮುಚ್ಚಿದ ದಿನ ಕಾಣುತ್ತದೆ.

ಕುಮಳಿಯ ಗೇಟು ಹಾಗೆ ಮುಚ್ಚಿದ್ದು 2011ರ ಡಿಸೆಂಬರ್‌ನಲ್ಲಿ. ಅಣೆಕಟ್ಟಿಗೆ ನೂರು ದಾಟಿ ಬಹಳ ವರ್ಷವಾಗಿತ್ತು. ಭೂಕಂಪವಾದರೆ ಏನು ಗತಿ ಎಂದು ವಂಡಿಪೆರಿಯಾರ್, ಚಪ್ಪಾತ್ ಕಡೆಯವರ ಭಯ. ನೀರಿನ ಮಟ್ಟ ಇಳಿಸಿದರೆ ಗದ್ದೆಯ ಗತಿಯೇನು ಎಂದು ಕಣಿವೆಯವರ ಭಯ. 1979ರಲ್ಲಿ ಮಟ್ಟ 136 ಅಡಿಗೆ ಇಳಿದಿತ್ತು, ಆಮೇಲೆ ಕಾಂಕ್ರೀಟು, ಉಕ್ಕಿನ ಕೇಬಲ್ ಹಾಕಿ ಬಲಪಡಿಸಿದ್ದರು. 142 ಅಡಿ ನಿಲ್ಲಿಸಬಹುದು ಎಂದು ಸುಪ್ರೀಂ ಕೋರ್ಟ್ 2006ರಲ್ಲೂ, ತಿರುಗಿ 2014ರ ಮೇ 7ರಂದೂ ಹೇಳಿತು. ನಡುವಿನ ಆ ಡಿಸೆಂಬರ್‌ನಲ್ಲಿ ಕೋಪ ಬೀದಿಗೆ ಬಂತು. ಕಣಿವೆಯ ಸಾವಿರಾರು ಜನ ಗಡಿಯ ಕಡೆ ಮೆರವಣಿಗೆ ಹೊರಟರು. ಆಚೆ ತಮಿಳರ, ಈಚೆ ಮಲಯಾಳಿಗಳ ಅಂಗಡಿಗಳ ಮೇಲೆ ಕಲ್ಲು ಬಿತ್ತು. ಬಸ್ಸು ನಿಂತಿತು. ತೋಟದಲ್ಲಿದ್ದ ತಮಿಳು ಕೂಲಿಗಳು ಕಾಡುದಾರಿ ಹಿಡಿದು ಕೆಳಗಿಳಿದರು. ಎರಡೂ ಕಡೆಯ ಭಯ ನಿಜ. ಆದರೆ ಆ ವಾರಗಳಲ್ಲಿ ಕೂಲಿ ಕಳಕೊಂಡವರು ಜೀಪಿನಲ್ಲಿ ಹತ್ತುವ ಹೆಂಗಸರು. ‘ಆಗ ಅಣ್ಣನ ಮನೆಗೆ ಹೋಗಲಿಕ್ಕೂ ಹೆದರಿಕೆ’ ಎಂದಷ್ಟೇ ಬಾಯ್ ಹೇಳಿದರು, ಹೆಚ್ಚು ಮಾತಾಡಲಿಲ್ಲ.

ನಮ್ಮ ಗೇಟು ಮುಚ್ಚಿದ್ದು 2020ರ ಮಾರ್ಚ್‌ನಲ್ಲಿ, ಕೊರೋನಾ ಕಾಲದಲ್ಲಿ. ತಲಪಾಡಿಯಲ್ಲಿ ತಡೆ, ಒಳದಾರಿಗಳಿಗೆ ಮಣ್ಣಿನ ರಾಶಿ. ಮಂಜೇಶ್ವರದವನಿಗೆ ಮಂಗಳೂರು ಆಸ್ಪತ್ರೆ ಇಪ್ಪತ್ತು ಕಿಲೋಮೀಟರು ಆಸುಪಾಸು. ಡಯಾಲಿಸಿಸ್, ಹೃದಯ, ಹೆರಿಗೆ ಎಲ್ಲಕ್ಕೂ ನಮ್ಮವರು ಓಡುವುದು ಅಲ್ಲಿಗೆ. ಆ ದಿನಗಳಲ್ಲಿ ಗಡಿ ದಾಟಲಾಗದೆ ಹಲವರು ತೀರಿಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ತಡೆ ತೆಗೆಸಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ರೋಗಿಗಳನ್ನು ಬಿಡುವ ಬಗ್ಗೆ ರಾಜ್ಯಗಳು ಒಪ್ಪಿಕೊಂಡಿವೆ ಎಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಅಷ್ಟರಲ್ಲಿ ಎರಡು ವಾರ ಕಳೆದಿತ್ತು. ರೋಗ ಹರಡದಿರಲಿ ಎಂಬ ಕಾರಣ ಸುಳ್ಳಲ್ಲ. ಆದರೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಾದವನಿಗೆ ಎರಡು ವಾರ ಅಂದರೆ ಏನೆಂದು ಲೆಕ್ಕ ಹಾಕಲು ಇಂಜಿನಿಯರಿಂಗ್ ಬೇಕಾಗಿಲ್ಲ.

ನಮ್ಮವರಲ್ಲಿ ಇತಿಹಾಸ ಎಂದರೆ ಹಳೆಯ ಹಡಗು, ಹಳೆಯ ಮಸೀದಿ, ಅರಬ್ಬರ ವ್ಯಾಪಾರ ಎಂದೇ ಬರೆಯುತ್ತೇವೆ. ಅದೂ ಬೇಕು. ಆದರೆ ನಮ್ಮ ದಿನದ ಬದುಕನ್ನು ಆಳುತ್ತಿರುವುದು 1955ರ ಒಂದು ವರದಿ, 1956ರ ಒಂದು ಗೆರೆ. ಅದನ್ನೂ ಓದಬೇಕು. ಆ ಗೆರೆ ಅಳಿಸಲಿಕ್ಕಾಗದು, ಅಳಿಸಬೇಕೆಂದೂ ನಾನು ಹೇಳುವುದಿಲ್ಲ. ಕೇಳಬಹುದಾದದ್ದು ಒಂದಿದೆ. ಗೇಟು ಮುಚ್ಚುವ ಆಜ್ಞೆ ಬರೆಯುವ ಮೊದಲೇ, ರೋಗಿಗೆ, ಬಸುರಿಗೆ, ದಿನಗೂಲಿಯವರಿಗೆ ದಾರಿ ಯಾವುದು ಎಂದು ಎರಡು ರಾಜ್ಯಗಳೂ ಕೂತು ಬರೆದಿಟ್ಟಿರಬೇಕು, ಆಪತ್ತು ಬಂದ ಮೇಲೆ ಕೋರ್ಟಿನಲ್ಲಿ ಅಲ್ಲ. ನೀರಿಗೋಸ್ಕರ 999 ವರ್ಷದ ಕಾಗದ ಬರೆದ ದೇಶ ಇದು. ಆಸ್ಪತ್ರೆಗೆ ಹೋಗುವ ಮನುಷ್ಯನಿಗೋಸ್ಕರ ಎರಡು ಪುಟ ಬರೆಯುವುದು ಅದಕ್ಕೆ ಹೆಚ್ಚಿನ ಕೆಲಸವೇನೂ ಅಲ್ಲ.